ಬರದ ವರ್ಷಕ್ಕೊಂದು ಕಲಮು



ವಿದ್ಯುತ್ ವಾಹನಗಳ ಬ್ಯಾಟರಿಗೆ ಬೇಕಾದ ಖನಿಜಗಳು, ಅವುಗಳಿಗಾಗಿ ದೇಶದೇಶಗಳ ನಡುವೆ ಆಗುತ್ತಿರುವ ಒಪ್ಪಂದಗಳು, ಇದು ಇಂದು ನಾನು ಆರಿಸಿಕೊಂಡ ವಿಷಯ. ದೆಹಲಿಯಲ್ಲಿ ಆಡಬೇಕಾದ ಮಾತನ್ನು ಮಂಡ್ಯದ ಕಬ್ಬು ಭತ್ತದ ಸೀಮೆಗೆ ಯಾಕೆ ತಂದರು ಎಂದು ಕೆಲವರಿಗೆ ಅನ್ನಿಸಿರಬಹುದು. ತಂದದ್ದಕ್ಕೆ ಎರಡು ಕಾರಣಗಳಿವೆ. ಆ ಖನಿಜಗಳಲ್ಲಿ ಮುಖ್ಯವಾದ ಲಿಥಿಯಂ ನಮ್ಮದೇ ಜಿಲ್ಲೆಯ ನೆಲದಲ್ಲಿದೆ ಎಂಬುದು ಒಂದು. ಗಡಿ ದಾಟುವ ಒಪ್ಪಂದದಲ್ಲಿ ಒಂದು ಕಲಮು ಸಡಿಲವಾದರೆ ಎಷ್ಟು ತಲೆಮಾರು ಬೀದಿಗಿಳಿಯಬೇಕಾಗುತ್ತದೆ ಎಂಬುದು ಕಾವೇರಿ ನೀರಿಗಾಗಿ ಹೋರಾಡಿದ ಮಂಡ್ಯದವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ ಎಂಬುದು ಇನ್ನೊಂದು.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಒಪ್ಪಂದದ ಬೆಲೆಯೂ ಅದಕ್ಕೆ ಸಹಿ ಬಿದ್ದ ದಿನ ತಿಳಿಯುವುದಿಲ್ಲ. ಮಳೆ ಕೈಕೊಟ್ಟ ವರ್ಷ, ಕೊಳ್ಳುವವನು ಕೈಬಿಟ್ಟ ವರ್ಷ, ಬೆಲೆ ಬಿದ್ದ ವರ್ಷ, ಗಣಿ ಮುಚ್ಚಿದ ವರ್ಷ ತಿಳಿಯುತ್ತದೆ. ಬ್ಯಾಟರಿ ಖನಿಜಗಳ ಒಪ್ಪಂದಗಳನ್ನು ಈ ಒಂದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು ಎಂಬುದಷ್ಟೇ ನನ್ನ ವಾದ.

ಮರಳಗಾಲದ ಕಲ್ಲು

ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ, ಅಲ್ಲಾಪಟ್ಟಣಗಳ ಸುತ್ತ ಪೆಗ್ಮಟೈಟ್ ಎಂಬ ಶಿಲೆಯ ಪಟ್ಟಿಗಳಿವೆ. ನಾಗಮಂಗಲದ ಕಡೆಯಿಂದ ಇಳಿದು ಬರುವ ಹಳೆಯ ಶಿಲಾಪಟ್ಟಿಗೆ ಸೇರಿದ ನೆಲ ಅದು. ಪೆಗ್ಮಟೈಟ್ ಎಂದರೆ ದೊಡ್ಡ ಹರಳುಗಳ ಕಲ್ಲು. ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಎಲ್ಲವೂ ಅದರಲ್ಲಿ ಕಣ್ಣಿಗೆ ಕಾಣುವಷ್ಟು ದಪ್ಪವಾಗಿ ಕೂತಿರುತ್ತವೆ. ಅವುಗಳ ನಡುವೆ ಬೂದುಬಿಳಿ, ಕೆಲವೊಮ್ಮೆ ತಿಳಿಹಸಿರು ಬಣ್ಣದ, ಹಲಗೆ ಸೀಳಿದ ಹಾಗೆ ಉದ್ದುದ್ದ ಗೀರುಗಳಿರುವ ಹರಳು ಸಿಕ್ಕರೆ ಅದು ಸ್ಪೊಡ್ಯುಮಿನ್. ಲಿಥಿಯಂ ಇರುವುದು ಅದರೊಳಗೆ. ದಾರಿಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗಿ ನೋಡುವಂಥ ಕಲ್ಲಲ್ಲ.

ಈ ನೆಲವನ್ನು ಹುಡುಕಿದ್ದು ಅಣುಶಕ್ತಿ ಇಲಾಖೆಯ ಪರಮಾಣು ಖನಿಜ ನಿರ್ದೇಶನಾಲಯ. 2020ರ ಫೆಬ್ರುವರಿಯಲ್ಲಿ ಪತ್ರಿಕೆಗಳ ಮುಖಪುಟದಲ್ಲಿ ಮಂಡ್ಯದ ಹೆಸರು ಬಂತು. ಅರ್ಧ ಕಿಲೋಮೀಟರ್ ಅಗಲ, ಐದು ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿ 14,100 ಟನ್ ಲಿಥಿಯಂ ಇರಬಹುದೆಂಬ ಅಂದಾಜು ಅದು. ಅದನ್ನು ಹೇಳಿದ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎನ್. ಮುನಿಚಂದ್ರಯ್ಯನವರೇ ಆಗ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಿದ್ದರು: ಚಿಲಿಯಲ್ಲಿ 86 ಲಕ್ಷ ಟನ್, ಆಸ್ಟ್ರೇಲಿಯಾದಲ್ಲಿ 28 ಲಕ್ಷ, ಅರ್ಜೆಂಟೀನಾದಲ್ಲಿ 17 ಲಕ್ಷ ಟನ್ ಇರುವಾಗ ನಮ್ಮದು ಸಣ್ಣದು. ಮರುವರ್ಷ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಅಂಕಿ 1,600 ಟನ್‌ಗೆ ಇಳಿಯಿತು. ಅದೂ ಮೇಲ್ಪದರದ ಸಮೀಕ್ಷೆ ಮತ್ತು ಅಲ್ಲೊಂದು ಇಲ್ಲೊಂದು ಕೊಳವೆ ಕೊರೆದು ಊಹಿಸಿದ ಲೆಕ್ಕ.

1,600 ಟನ್ ಎಂದರೆ ಎಷ್ಟು? ಒಂದು ಸಾಮಾನ್ಯ ವಿದ್ಯುತ್ ಕಾರಿನ ಬ್ಯಾಟರಿಗೆ ಸುಮಾರು ಎಂಟು ಕಿಲೋ ಲಿಥಿಯಂ ಬೇಕು. ಮರಳಗಾಲದ ಅಷ್ಟೂ ಲಿಥಿಯಂ ಒಂದು ಗ್ರಾಂ ಪೋಲಾಗದೆ ಕೈಗೆ ಬಂತೆಂದೇ ಇಟ್ಟುಕೊಳ್ಳಿ. ಎರಡು ಲಕ್ಷ ಕಾರು ಆಗುತ್ತದೆ. ನಮ್ಮ ದೇಶದಲ್ಲಿ 2023-24ರ ಒಂದು ವರ್ಷದಲ್ಲಿ ಮಾರಾಟವಾದ ಪ್ರಯಾಣಿಕ ವಾಹನಗಳು 42 ಲಕ್ಷ. ಅಂದರೆ ಮೂರು ವಾರದ ಮಾರಾಟಕ್ಕೂ ಅದು ಸಾಲದು. ನೂರು ಕಿಲೋ ಕಲ್ಲಿನಲ್ಲಿ ಒಂದು ಕಿಲೋ ಲಿಥಿಯಂ ಆಕ್ಸೈಡ್ ಇದ್ದರೆ ಅದನ್ನು ಒಳ್ಳೆಯ ಅದಿರು ಎನ್ನುತ್ತಾರೆ. ತೆಗೆಯುವಾಗಿನ ನಷ್ಟ ಕಳೆದರೆ ಒಂದು ಕಾರಿಗೆ ಎರಡೂವರೆ ಮೂರು ಟನ್ ಕಲ್ಲು ಒಡೆಯಬೇಕು.

ಹಾಗಾಗಿ ಮಂಡ್ಯ ಭಾರತದ ಕುವೈತ್ ಆಗುತ್ತದೆ ಎಂಬ ಮಾತನ್ನು ಇಲ್ಲಿಗೇ ಬಿಡೋಣ. ಜಮ್ಮುವಿನ ರಿಯಾಸಿಯಲ್ಲಿ 2023ರಲ್ಲಿ 59 ಲಕ್ಷ ಟನ್ ಎಂದು ಘೋಷಿಸಿದಾಗಲೂ ಇದೇ ಉತ್ಸಾಹ ಇತ್ತು. ಹರಾಜು ಕರೆದಾಗ ಸಾಕಷ್ಟು ಬಿಡ್ಡುದಾರರೇ ಬರಲಿಲ್ಲ. ನೆಲದಲ್ಲಿ ಇದೆ ಎನ್ನುವುದಕ್ಕೂ ಲಾಭವಾಗುವಂತೆ ತೆಗೆಯಬಹುದು ಎನ್ನುವುದಕ್ಕೂ ನಡುವೆ ಹತ್ತಾರು ವರ್ಷ, ನೂರಾರು ಕೋಟಿ ಇವೆ. ಅಲ್ಲಿಯತನಕ ಹೊರಗಿನಿಂದ ತರಲೇಬೇಕು.

ಕಬ್ಬು ಯಾರದು, ಕಾರ್ಖಾನೆ ಯಾರದು

ಹೊರಗೆ ಎಂದರೆ ಎಲ್ಲಿ? ಲಿಥಿಯಂ ಆಸ್ಟ್ರೇಲಿಯಾದ ಕಲ್ಲಿನಲ್ಲಿ, ಚಿಲಿ ಅರ್ಜೆಂಟೀನಾಗಳ ಉಪ್ಪಿನ ಬಯಲಿನಲ್ಲಿ. ಕೋಬಾಲ್ಟ್‌ನ ಮುಕ್ಕಾಲು ಪಾಲಿನಷ್ಟು ಕಾಂಗೋದಲ್ಲಿ. ನಿಕ್ಕಲ್‌ನ ಅರ್ಧಕ್ಕಿಂತ ಹೆಚ್ಚು ಇಂಡೊನೇಷ್ಯಾದಲ್ಲಿ. ಗ್ರಾಫೈಟ್ ಬಹುಪಾಲು ಚೀನಾದಲ್ಲಿ. ಆದರೆ ನೆಲದಿಂದ ಎಲ್ಲಿ ಎಷ್ಟು ಅಗೆಯುತ್ತಾರೆ ಎಂಬ ಈ ಪಟ್ಟಿ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಕಬ್ಬು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆ ನಮ್ಮದು, ಬೆವರು ನಮ್ಮದು. ಕಡಿದ ಕಬ್ಬು ಒಣಗುವ ಮೊದಲು ಅರೆಯುವ ಗಾಣ ಯಾರದೋ ಅವರು ಹೇಳಿದ್ದೇ ತೂಕ, ಅವರು ಕೊಟ್ಟಾಗಲೇ ಬಟವಾಡೆ. ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ನಿಂತ ವರ್ಷಗಳಲ್ಲಿ ಲಾರಿ ಹತ್ತಿದ ನಮ್ಮ ಕಬ್ಬು ಎಲ್ಲೆಲ್ಲಿಗೆ ಹೋಯಿತು, ಯಾವ ಬೆಲೆಗೆ ಹೋಯಿತು ಎಂಬುದು ಈ ಸಭೆಯಲ್ಲಿರುವ ಅನೇಕರಿಗೆ ನೆನಪಿದೆ. ಲಿಥಿಯಂ ಲೋಕದ ಗಾಣ ಚೀನಾದಲ್ಲಿದೆ. ಜಗತ್ತಿನ ಲಿಥಿಯಂನ ಮೂರರಲ್ಲಿ ಎರಡು ಪಾಲಿನಷ್ಟು ಶುದ್ಧಿಯಾಗುವುದು ಅಲ್ಲಿ. ಬ್ಯಾಟರಿ ದರ್ಜೆಯ ಗ್ರಾಫೈಟ್‌ನಲ್ಲಿ ಅದರ ಪಾಲು ನೂರಕ್ಕೆ ತೊಂಬತ್ತಕ್ಕೂ ಮೇಲೆ. ಆಸ್ಟ್ರೇಲಿಯಾ ಅಗೆದ ಸ್ಪೊಡ್ಯುಮಿನ್‌ನ ಬಹುಭಾಗ ಹಡಗು ಹತ್ತಿ ಅಲ್ಲಿಗೇ ಹೋಗುತ್ತದೆ.

ಆ ಗಾಣದ ಕೆಲಸ ಹೀಗೆ. ಸ್ಪೊಡ್ಯುಮಿನ್ ಪುಡಿಯನ್ನು ಸಾವಿರ ಡಿಗ್ರಿಗೂ ಹೆಚ್ಚಿನ ಶಾಖದ ಕುಲುಮೆಯಲ್ಲಿ ಸುಡುತ್ತಾರೆ. ಆಗ ಹರಳಿನ ಕಟ್ಟು ಸಡಿಲವಾಗುತ್ತದೆ. ಅದಕ್ಕೆ ಗಂಧಕಾಮ್ಲ ಸೇರಿಸಿ ಮತ್ತೆ ಕಾಯಿಸಿ, ನೀರಿನಲ್ಲಿ ಕರಗಿಸಿ, ಬೇಡದ ಲೋಹಗಳನ್ನು ಕಳೆದು, ಕೊನೆಗೆ ಸೋಡಾ ಹಾಕಿದರೆ ಲಿಥಿಯಂ ಕಾರ್ಬೊನೇಟ್ ಎಂಬ ಬಿಳಿ ಪುಡಿ ತಳಕ್ಕೆ ಇಳಿಯುತ್ತದೆ. ಒಂದು ಟನ್ ಬಿಳಿ ಪುಡಿ ಬಂದರೆ ಎಂಟು ಹತ್ತು ಟನ್ ಕಸ ಉಳಿಯುತ್ತದೆ. ವಿದ್ಯೆ ದೊಡ್ಡದೇನಲ್ಲ. ಬ್ಯಾಟರಿಗೆ ಒಗ್ಗುವ ಶುದ್ಧಿಯನ್ನು ದಿನದಿನವೂ ತಪ್ಪದೆ, ಅಗ್ಗದಲ್ಲಿ ತರುವುದು ದೊಡ್ಡದು. ಚೀನಾ ಅದನ್ನು ಇಪ್ಪತ್ತು ಮೂವತ್ತು ವರ್ಷ ಕೂತು ಕಲಿತಿದೆ.

ಗಾಣ ಒಬ್ಬನ ಕೈಯಲ್ಲಿದ್ದರೆ ಆಗುವುದೇನು? 2023ರ ಡಿಸೆಂಬರ್‌ನಿಂದ ಚೀನಾ ಗ್ರಾಫೈಟ್ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. 2025ರ ಏಪ್ರಿಲ್‌ನಲ್ಲಿ ಮೋಟಾರಿಗೆ ಬೇಕಾದ ವಿರಳ ಭಸ್ಮ ಲೋಹಗಳ ಆಯಸ್ಕಾಂತಕ್ಕೂ ಅದೇ ನಿಯಮ ಬಂತು; ಕೆಲವೇ ತಿಂಗಳಲ್ಲಿ ಭಾರತದ ವಿದ್ಯುತ್ ಸ್ಕೂಟರ್ ತಯಾರಿಕೆಗೆ ಪೆಟ್ಟು ಬಿತ್ತು. ಈ ಭಯವೇ ಇಂದಿನ ಒಪ್ಪಂದಗಳ ತಾಯಿ. 2019ರಲ್ಲಿ ನಾಲ್ಕೋ, ಹಿಂದೂಸ್ತಾನ್ ಕಾಪರ್ ಮತ್ತು ಖನಿಜ ಅನ್ವೇಷಣಾ ನಿಗಮ ಸೇರಿ ಖನಿಜ್ ಬಿದೇಶ್ ಇಂಡಿಯಾ ಲಿಮಿಟೆಡ್, ಚಿಕ್ಕದಾಗಿ ಕಾಬಿಲ್, ಎಂಬ ಕಂಪನಿ ಕಟ್ಟಿದವು. 2022ರಲ್ಲಿ ಅದು ಆಸ್ಟ್ರೇಲಿಯಾದೊಂದಿಗೆ ಕೈಜೋಡಿಸಿತು. 2023ರ ಜೂನ್‌ನಲ್ಲಿ ಭಾರತ ಅಮೆರಿಕದ ಮುಂದಾಳತ್ವದ ಖನಿಜ ಭದ್ರತಾ ಕೂಟವನ್ನು ಸೇರಿತು. 2024ರ ಜನವರಿ 15ರಂದು ಕಾಬಿಲ್ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದ ಸರ್ಕಾರಿ ಕಂಪನಿಯೊಡನೆ ಐದು ಲಿಥಿಯಂ ಬ್ಲಾಕುಗಳ ಕರಾರಿಗೆ ಸಹಿ ಹಾಕಿತು. 15,703 ಹೆಕ್ಟೇರ್ ನೆಲ, ಸುಮಾರು 200 ಕೋಟಿ ರೂಪಾಯಿ. 2025ರ ಜನವರಿಯಲ್ಲಿ ಕೇಂದ್ರ ಸಂಪುಟ 16,300 ಕೋಟಿಯ ಖನಿಜ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಇವೆಲ್ಲ ಬೇಕಾದ ಹೆಜ್ಜೆಗಳೇ. ಇವುಗಳೊಳಗಿನ ಕಲಮುಗಳು ಹೇಗಿರಬೇಕು ಎಂಬುದು ನನ್ನ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ನಮ್ಮ ನಾಡಿನ ಇತಿಹಾಸವೇ ಸಾಕು.

ಮದ್ದೂರು ಸ್ಟೇಷನ್ನಿನಲ್ಲಿ ಇಳಿದ ಯಂತ್ರಗಳು

ಇಲ್ಲಿಂದ ಮಳವಳ್ಳಿ ದಾಟಿದರೆ ಶಿವನಸಮುದ್ರ. 1902ರ ಜೂನ್ ಕೊನೆಗೆ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿ ಸೇರಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೊಂದು. ದಿವಾನ್ ಶೇಷಾದ್ರಿ ಅಯ್ಯರ್ ಅದರ ಹಿಂದಿನ ಶಕ್ತಿ. ಯೋಜನೆ ರೂಪಿಸಿದವರು ಕೆನಡಾ ಮೂಲದ ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್. ವಿದ್ಯುತ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು, ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು. ಗಣಿ ನಡೆಸುತ್ತಿದ್ದವರು ಲಂಡನ್ನಿನ ಜಾನ್ ಟೇಲರ್ ಆ್ಯಂಡ್ ಸನ್ಸ್. ಸಮುದ್ರ ದಾಟಿ ಬಂದ ಆ ಭಾರಿ ಯಂತ್ರಗಳು ಮದ್ದೂರಿನ ರೈಲು ನಿಲ್ದಾಣದಲ್ಲಿ ಇಳಿದವು. ಅಲ್ಲಿಂದ ಮುಂದೆ ರೈಲಿಲ್ಲ. ಗಾಡಿಗಳ ಮೇಲೆ, ಎತ್ತು ಆನೆಗಳ ಬಲದಿಂದ ಮಳವಳ್ಳಿ ದಾರಿಯಲ್ಲಿ ಕಣಿವೆಯ ತನಕ ಎಳೆದು ತಂದರು. ನದಿಯ ಆಚೆ ದಡದ ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು, ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಈಚೆ ದಡ ಮೈಸೂರು ಸಂಸ್ಥಾನ. ಖನಿಜಕ್ಕಾಗಿ ಗಡಿಗಳನ್ನು ದಾಟಿ ಕೂಡಿ ಕೆಲಸ ಮಾಡುವುದು ಈ ಊರುಗಳಿಗೆ ಹೊಸದಲ್ಲ ಎಂದು ಹೇಳಲು ಇಷ್ಟು ಸಾಕು.

ಆ ವಿದ್ಯುತ್ ಯೋಜನೆಯ ಲಾಭ ಯಾರಿಗೆ ಹೇಗೆ ಹಂಚಿಹೋಯಿತು ನೋಡಿ. ಕತ್ತಲ ಸುರಂಗಕ್ಕೆ ಮೊದಲು ಬೆಳಕು ಬಂತು. ಬೆಂಗಳೂರಿಗೆ 1905ರಲ್ಲಿ ಬಂತು. ತಂತಿ ಹಾದುಹೋದ ಹಳ್ಳಿಗಳು, ಜಲಪಾತದ ನೆರೆಯ ಮಳವಳ್ಳಿಯ ಹಳ್ಳಿಗಳು ದಶಕಗಳ ಕಾಲ ಹರಳೆಣ್ಣೆ, ಸೀಮೆಎಣ್ಣೆ ದೀಪದಲ್ಲೇ ಉಳಿದವು. ಇಷ್ಟೇ ಹೇಳಿದರೆ ಅನ್ಯಾಯವಾಗುತ್ತದೆ. ಗಣಿಗೆ ಬೇಸಿಗೆಯಲ್ಲೂ ವಿದ್ಯುತ್ ನಿಲ್ಲಬಾರದು, ಅದಕ್ಕೆ ಶಿವನಸಮುದ್ರದಲ್ಲಿ ವರ್ಷವಿಡೀ ನೀರು ಬೇಕು ಎಂಬುದು 1911ರಲ್ಲಿ ಕನ್ನಂಬಾಡಿ ಕಟ್ಟೆ ಕೈಗೆತ್ತಿಕೊಳ್ಳಲು ಇದ್ದ ಮುಖ್ಯ ಕಾರಣಗಳಲ್ಲಿ ಒಂದು. ಕಟ್ಟೆಯಿಂದ ನಾಲೆ ಬಂತು, ನಾಲೆಯಿಂದ ಕಬ್ಬು, 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ. ಕೋಲಾರದ ಗಣಿಯ ಹಸಿವು ಸುತ್ತಿಬಳಸಿ ನಮ್ಮ ಗದ್ದೆಗೆ ನೀರಾಯಿತು. ವಿಶ್ವೇಶ್ವರಯ್ಯನವರಂಥವರು ಮೈಸೂರಿನ ಕಡೆ ಕೂತು, ಗಣಿಯ ಅಗತ್ಯವನ್ನು ನಾಡಿನ ಅಗತ್ಯದ ಜತೆ ಹೆಣೆದದ್ದರಿಂದ ಹಾಗಾಯಿತು.

ಕೋಲಾರದ ಪಾಲಿಗೆ ಅಂಥದ್ದು ಆಗಲಿಲ್ಲ. ಶತಮಾನಕ್ಕೂ ಮೀರಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಯನ್ನು 2001ರ ಫೆಬ್ರುವರಿ 28ರಂದು ಮುಚ್ಚಿದರು. ಸೈನೈಡ್ ಮಣ್ಣಿನ ಗುಡ್ಡಗಳು ಅಲ್ಲೇ ಉಳಿದವು. ಗಾಳಿ ಎದ್ದರೆ ಆ ದೂಳು ಇಂದಿಗೂ ಮನೆಗಳ ಒಳಗೆ ಬರುತ್ತದೆ. ಗಣಿ ಮುಗಿದ ಮೇಲಿನ ವರ್ಷಕ್ಕೆ ಯಾರೂ ಕಲಮು ಬರೆದಿರಲಿಲ್ಲ.

ಕುದುರೆಮುಖದ ಒಬ್ಬನೇ ಗಿರಾಕಿ

ಎರಡನೆಯ ಪಾಠ ಮಲೆನಾಡಿನದು. 1975ರಲ್ಲಿ ಇರಾನಿನ ಷಾ ಸರ್ಕಾರ ಕುದುರೆಮುಖದ ಕಬ್ಬಿಣದ ಅದಿರಿಗೆ ಮುಂದೆ ಬಂತು. 63 ಕೋಟಿ ಡಾಲರ್ ಸಾಲ; ವರ್ಷಕ್ಕೆ 75 ಲಕ್ಷ ಟನ್ ಅದಿರು, ಎರಡು ದಶಕ ಅವರೇ ಕೊಳ್ಳುವುದು. ಇದಕ್ಕಿಂತ ಒಳ್ಳೆಯ ಕರಾರು ಆಗ ಯಾರ ಕಣ್ಣಿಗೂ ಕಾಣಲಿಲ್ಲ. 1976ರಲ್ಲಿ ಕಂಪನಿ ಹುಟ್ಟಿತು. ಕಾಡಿನ ನಡುವೆ ಊರೇ ಎದ್ದಿತು. ಅದಿರಿನ ಗಸಿಯನ್ನು ಮಂಗಳೂರಿಗೆ ಹರಿಸಲು 67 ಕಿಲೋಮೀಟರ್ ಕೊಳವೆ ಹಾಕಿದರು. ಇತ್ತ ಕಾರ್ಖಾನೆ ಸಿದ್ಧವಾಗುತ್ತಿದ್ದಂತೆ ಅತ್ತ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಹೊಸ ಸರ್ಕಾರ ಅರ್ಧ ಸಾಲವನ್ನೂ ಕೊಡದೆ, ಅದಿರನ್ನೂ ಕೊಳ್ಳದೆ ಹಿಂದೆ ಸರಿಯಿತು. ಒಬ್ಬನೇ ಗಿರಾಕಿಯನ್ನು ನಂಬಿ ಕಟ್ಟಿದ ಗಣಿ ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ದೇಶದೇಶ ಅಲೆಯಬೇಕಾಯಿತು. ಅದಿರನ್ನು ಉಂಡೆ ಮಾಡಿ ಮಾರುವ ಕಾರ್ಖಾನೆ ಮಂಗಳೂರಿನಲ್ಲಿ ಬಂದದ್ದು 1987ರಲ್ಲಿ. ಕಾಡಿಗೂ ಭದ್ರಾ ನದಿಗೂ ಆದ ಹಾನಿಯ ಲೆಕ್ಕ ಕೊನೆಗೆ ಸುಪ್ರೀಂ ಕೋರ್ಟಿಗೆ ಹೋಗಿ, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು.

ಲಿಥಿಯಂ ಲೋಕದಲ್ಲಿ ಇಂಥ ವರ್ಷ ಆಗಲೇ ಬಂದುಹೋಗಿದೆ. 2022ರ ನವೆಂಬರ್‌ನಲ್ಲಿ ಚೀನಾದ ಮಾರುಕಟ್ಟೆಯಲ್ಲಿ ಒಂದು ಟನ್ ಲಿಥಿಯಂ ಕಾರ್ಬೊನೇಟ್‌ಗೆ ಸುಮಾರು 6 ಲಕ್ಷ ಯುವಾನ್ ಇತ್ತು. ಎರಡು ವರ್ಷ ತುಂಬುವಷ್ಟರಲ್ಲಿ ಅದು ಆರರಲ್ಲೊಂದು ಪಾಲಿಗಿಂತಲೂ ಕೆಳಕ್ಕೆ ಇಳಿಯಿತು. ಆಸ್ಟ್ರೇಲಿಯಾದಲ್ಲಿ ಗಣಿಗಳು ಕೆಲಸ ನಿಲ್ಲಿಸಿದವು, ಕಟ್ಟುತ್ತಿದ್ದ ಶುದ್ಧೀಕರಣ ಘಟಕಗಳು ಅರ್ಧಕ್ಕೇ ನಿಂತವು. ಟೊಮೆಟೊ ಬೆಲೆ ಮಾತ್ರ ಹೀಗೆ ಬೀಳುತ್ತದೆ ಎಂದು ನಾವು ತಿಳಿದಿದ್ದೆವು.

ಕಟಮಾರ್ಕಾದಲ್ಲಿ ನಾವು ಯಾರು?

ಈಗ ಮಾತನ್ನು ತಿರುಗಿಸಿ ನೋಡೋಣ. ಕೋಲಾರದಲ್ಲಿ ಲಂಡನ್ನಿನವರು ಬಂದು ಅಗೆದರು ಎಂದು ಹೇಳಿದೆ. ಕಟಮಾರ್ಕಾದಲ್ಲಿ ಹಾಗೆ ಹೊರಗಿನಿಂದ ಬಂದು ಅಗೆಯುವವರು ನಾವು.

ಆ ಎತ್ತರದ ಒಣ ಬಯಲಿನಲ್ಲಿ ಲಿಥಿಯಂ ಕಲ್ಲಿನಲ್ಲಿಲ್ಲ, ಉಪ್ಪಿನ ಹೆಪ್ಪಿನ ಕೆಳಗಿನ ಉಪ್ಪುನೀರಿನಲ್ಲಿದೆ. ಆ ನೀರನ್ನು ಮೇಲೆತ್ತಿ ವಿಶಾಲವಾದ ಮಡಿಗಳಿಗೆ ಬಿಟ್ಟು, ವರ್ಷ ಒಂದೂವರೆ ವರ್ಷ ಬಿಸಿಲಿಗೆ ಆರಿಸಿ ಗಟ್ಟಿ ಮಾಡುತ್ತಾರೆ. ಒಂದು ಟನ್ ಲಿಥಿಯಂ ಕಾರ್ಬೊನೇಟ್‌ಗೆ ಲಕ್ಷಾಂತರ ಲೀಟರ್ ನೀರು ಆವಿಯಾಗುತ್ತದೆ. ಅದರ ಮೇಲೆ ಕಾರ್ಖಾನೆಗೆ ಸಿಹಿನೀರೂ ಬೇಕು. ಅಲ್ಲಿನ ಸಲಾರ್ ಡೆಲ್ ಓಂಬ್ರೆ ಮುಯೆರ್ತೊ ಎಂಬ ಉಪ್ಪಿನ ಬಯಲಿನ ಸುತ್ತ ಕುರಿ, ಲಾಮಾ ಮೇಯಿಸಿಕೊಂಡಿರುವ ಆದಿವಾಸಿ ಸಮುದಾಯದವರು, ಒಂದು ನದಿಯ ಹುಲ್ಲುಗಾವಲು ಆಗಲೇ ಒಣಗಿದೆ, ಈಗ ಲೋಸ್ ಪಾತೋಸ್ ನದಿಗೂ ಕೈಹಾಕಿದ್ದಾರೆ ಎಂದು ನ್ಯಾಯಾಲಯಕ್ಕೆ ಹೋದರು. 2024ರ ಮಾರ್ಚ್‌ನಲ್ಲಿ ಪ್ರಾಂತ್ಯದ ಉಚ್ಚ ನ್ಯಾಯಾಲಯ, ಎಲ್ಲ ಯೋಜನೆಗಳಿಂದ ಒಟ್ಟಾಗಿ ಆಗುವ ಪರಿಣಾಮದ ಅಧ್ಯಯನ ಮುಗಿಯುವತನಕ ಅಲ್ಲಿ ಹೊಸ ಪರವಾನಗಿ ಕೊಡಬೇಡಿ ಎಂದು ಆದೇಶಿಸಿತು. ಕಾಬಿಲ್ ಸಹಿ ಹಾಕಿ ಎರಡು ತಿಂಗಳಷ್ಟೇ ಆಗಿತ್ತು.

ನದಿಯ ನೀರಿಗಾಗಿ ಹೋರಾಡಿದ ಜಿಲ್ಲೆಯವರು ನಾವು. ಸುಮಾರು ಹದಿಮೂರು ಸಾವಿರ ಅಡಿ ಎತ್ತರದ ಬಯಲಿನಲ್ಲಿ ನೀರಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರ ಮಾತು ನಮಗೆ ಅರ್ಥವಾಗದಿದ್ದರೆ ಇನ್ಯಾರಿಗೆ ಅರ್ಥವಾಗಬೇಕು? ಭಾರತಕ್ಕೆ ಲಿಥಿಯಂ ಬೇಕು, ನಿಜ. ಅದಕ್ಕಾಗಿ ಅಲ್ಲಿನವರ ಬಾಯಿ ಮುಚ್ಚಿಸುವ ಕಲಮು ನಮ್ಮ ಕರಾರಿನಲ್ಲಿ ಇರಬಾರದು. ನೈತಿಕತೆ ಹಾಗಿರಲಿ, ವ್ಯವಹಾರದ ದೃಷ್ಟಿಯಿಂದಲೂ ಅದು ಮೂರ್ಖತನ. ಸ್ಥಳೀಯರ ಒಪ್ಪಿಗೆ ಇಲ್ಲದ ಗಣಿ ಯಾವ ದಿನ ಬೇಕಾದರೂ ನಿಲ್ಲುತ್ತದೆ.

ಮೂರು ರೂಪಾಯಿಯ ಲೆಕ್ಕ

ಕಟಮಾರ್ಕಾಕ್ಕೆ ಕೇಳಿದ ಪ್ರಶ್ನೆಯನ್ನು ಮರಳಗಾಲಕ್ಕೂ ಕೇಳಬೇಕು. 2023ರ ಆಗಸ್ಟ್‌ನ ತಿದ್ದುಪಡಿಯಲ್ಲಿ ಲಿಥಿಯಂ ಅಣು ಖನಿಜಗಳ ಪಟ್ಟಿಯಿಂದ ಹೊರಬಂತು. ಖಾಸಗಿಯವರಿಗೂ ಬಾಗಿಲು ತೆರೆಯಿತು. ಹರಾಜು ಹಾಕುವ ಅಧಿಕಾರ ಕೇಂದ್ರದ್ದು, ಹಣ ರಾಜ್ಯದ್ದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಜಧನವನ್ನು ಲಂಡನ್ ಲೋಹ ಮಾರುಕಟ್ಟೆಯ ಬೆಲೆಯ ಶೇಕಡಾ 3 ಎಂದು ಗೊತ್ತು ಮಾಡಿದರು. ಕಾಕತಾಳೀಯವೆಂಬಂತೆ ಅರ್ಜೆಂಟೀನಾದ ಪ್ರಾಂತ್ಯಗಳಿಗೆ ಸಿಗುವ ರಾಜಧನದ ಮಿತಿಯೂ ಬಹುಕಾಲ ಶೇಕಡಾ 3 ಆಗಿತ್ತು. ಹರಾಜಿನಲ್ಲಿ ಕೊಟ್ಟ ಗಣಿಯಾದರೆ, ರಾಜಧನದ ಹತ್ತನೇ ಒಂದು ಭಾಗದಷ್ಟು ಹಣ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹೋಗುತ್ತದೆ. ಅಂದರೆ ಸಾವಿರ ರೂಪಾಯಿಯ ಲಿಥಿಯಂ ಹೋದರೆ ರಾಜ್ಯಕ್ಕೆ ರಾಜಧನ ಮೂವತ್ತು, ಗಣಿಯ ಸುತ್ತಲ ಊರುಗಳ ಹೆಸರಿನಲ್ಲಿ ಮೂರು. ಹರಾಜಿನ ಪ್ರೀಮಿಯಂ ಬೇರೆ ಬರುತ್ತದೆ, ಅದು ಸಣ್ಣ ಮೊತ್ತವೂ ಅಲ್ಲ. ಆದರೆ ಅದು ಸೇರುವುದು ವಿಧಾನಸೌಧದ ಬೊಕ್ಕಸಕ್ಕೆ. ಮರಳಗಾಲಕ್ಕೆ ಬರಬೇಕೆಂಬ ನಿಯಮವೇನಿಲ್ಲ.

2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜಧನ ತೆರಿಗೆಯಲ್ಲ, ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು ತೀರ್ಪು ಕೊಟ್ಟಿತು. ಎಂಟು ಮಂದಿ ಒಂದು ಕಡೆ. ಭಿನ್ನಮತ ಬರೆದವರು ನಮ್ಮ ಪಾಂಡವಪುರ ತಾಲ್ಲೂಕಿನ ಮೂಲದ ಕುಟುಂಬದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ರಾಜ್ಯಗಳು ಪೈಪೋಟಿಗೆ ಬಿದ್ದು ತೆರಿಗೆ ಹಾಕಿದರೆ ಖನಿಜ ಅಭಿವೃದ್ಧಿಯ ಒಕ್ಕೂಟ ವ್ಯವಸ್ಥೆಯೇ ಕುಸಿಯುತ್ತದೆ ಎಂಬುದು ಅವರ ಆತಂಕ. ಎರಡೂ ವಾದಗಳಲ್ಲಿ ಹುರುಳಿದೆ. ಎರಡರಲ್ಲೂ ಗ್ರಾಮ ಪಂಚಾಯಿತಿಯ ಪಾಲಿನ ಮಾತು ಇಲ್ಲ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಗಣಿಗೆ ಪರಿಸರ ಅನುಮತಿ ಕೊಡುವ ಮುನ್ನ ಊರಿನಲ್ಲಿ ಶಾಮಿಯಾನ ಹಾಕಿ, ಜಿಲ್ಲಾಧಿಕಾರಿಗಳ ಎದುರು ಜನರ ಅಹವಾಲು ಕೇಳುವ ಪದ್ಧತಿ 2006ರ ಅಧಿಸೂಚನೆಯಲ್ಲಿ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಣು ಖನಿಜ ಮತ್ತು ಆಯಕಟ್ಟಿನ ಖನಿಜಗಳ ಗಣಿಗಳಿಗೆ ಆ ಸಭೆಯಿಂದ ವಿನಾಯಿತಿ ಕೊಟ್ಟಿತು. ದೇಶದ ಭದ್ರತೆಯ ಕಾರಣ ಹೇಳಿದರು. ಕಾರಣ ಸುಳ್ಳಲ್ಲ. ಆದರೆ ಕಾವೇರಿಯ ಜಲಾನಯನದಲ್ಲಿ ನಾಳೆ ಕಲ್ಲು ಒಡೆದರೆ, ಆಮ್ಲ ಬಳಸಿದರೆ, ಟನ್ನಿಗೆ ಹತ್ತು ಟನ್ ಕಸ ಸುರಿದರೆ, ಅದನ್ನು ಕೇಳುವ ಸಭೆಯೇ ಇಲ್ಲವೆಂದರೆ ಕಟಮಾರ್ಕಾದ ಕುರಿಗಾಹಿಗಿಂತ ಕಡಿಮೆ ಹಕ್ಕು ಮಂಡ್ಯದ ರೈತನಿಗೆ ಇದೆ ಎಂದಾಯಿತು.

ಏನು ಬರೆಯಬೇಕು

ಕಲಮು ಹೇಗಿರಬೇಕು ಎಂಬುದಕ್ಕೆ ನಮ್ಮ ನದಿಯ ಒಪ್ಪಂದವನ್ನೇ ನೋಡೋಣ. ಮೈಸೂರು, ಮದ್ರಾಸುಗಳ ನಡುವಿನ 1924ರ ಕಾವೇರಿ ಒಪ್ಪಂದ ಕನ್ನಂಬಾಡಿ ಕಟ್ಟೆಯ ಎತ್ತರವನ್ನು ಅಡಿ ಅಂಗುಲದಲ್ಲಿ ಅಳೆದು ಬರೆಯಿತು, ನೀರಾವರಿಯ ಎಕರೆಗಳನ್ನು ಎಣಿಸಿ ಬರೆಯಿತು, ಐವತ್ತು ವರ್ಷದ ನಂತರ ಮರುಪರಿಶೀಲನೆ ಎಂದೂ ಬರೆಯಿತು. 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ಐತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ಇಷ್ಟಾದರೂ ಸಂಕಷ್ಟದ ವರ್ಷದಲ್ಲಿ ಯಾವ ವಾರ ಯಾರ ಪಾಲು ಎಷ್ಟು ಇಳಿಯಬೇಕು ಎಂಬ ಗಂಟು ಇನ್ನೂ ಬಿಗಿಯಾಗಿಯೇ ಇದೆ. ಒಳ್ಳೆಯ ಮಳೆಯ ವರ್ಷ ನಾವು ಒಪ್ಪಂದವನ್ನು ಮರೆತೇ ಇರುತ್ತೇವೆ. ಮಳೆ ಬಾರದ ಆಗಸ್ಟ್‌ನಲ್ಲಿ ಮಂಡ್ಯದ ಸಂಜಯ ವೃತ್ತದಲ್ಲಿ ಟೈರು ಉರಿಯುತ್ತದೆ.

ಈ ಅನುಭವದಿಂದ ಖನಿಜ ಒಪ್ಪಂದಗಳಿಗೆ ನಾಲ್ಕು ಮಾತು ಹೇಳಬಹುದು.

ಮೊದಲನೆಯದು, ಗಿರಾಕಿಯೂ ಒಬ್ಬನಾಗಬಾರದು, ಮಾರುವವನೂ ಒಬ್ಬನಾಗಬಾರದು. ಅರ್ಜೆಂಟೀನಾ, ಆಸ್ಟ್ರೇಲಿಯಾ, ಆಫ್ರಿಕಾ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಇರಲಿ. ಯಾವ ದೇಶದಲ್ಲಿ ಯಾವಾಗ ಸರ್ಕಾರ ಬದಲಾಗುತ್ತದೆ ಎಂದು ಹೇಳಲಾಗದು ಎಂಬುದನ್ನು ಕುದುರೆಮುಖ ನಮಗೆ ದುಬಾರಿ ಬೆಲೆಗೆ ಕಲಿಸಿದೆ.

ಎರಡನೆಯದು, ಅದಿರಿನ ಜತೆ ಶುದ್ಧೀಕರಣದ ವಿದ್ಯೆಯೂ ಬರಬೇಕು. ಇಂಡೊನೇಷ್ಯಾ 2020ರಲ್ಲಿ ಕಚ್ಚಾ ನಿಕ್ಕಲ್ ರಫ್ತು ನಿಲ್ಲಿಸಿ, ಬೇಕಾದವರು ಇಲ್ಲೇ ಬಂದು ಕುಲುಮೆ ಹಾಕಿ ಎಂದಿತು. ಅದರಿಂದ ಕಾಡಿಗಾದ ಹಾನಿ ದೊಡ್ಡದು. ಆದರೆ ಕುಲುಮೆಗಳಂತೂ ಬಂದವು. ನಮ್ಮಲ್ಲಿ ದೇವನಹಳ್ಳಿಯ ಬಳಿ ಎಕ್ಸೈಡ್‌ನವರು ಸೆಲ್ ಕಾರ್ಖಾನೆ ಕಟ್ಟಲು ಹೊರಟಾಗ ತಂತ್ರಜ್ಞಾನಕ್ಕೆ ಚೀನಾದ ಕಂಪನಿಯ ಬಳಿಗೇ ಹೋಗಬೇಕಾಯಿತು. ಬಳ್ಳಾರಿಯ ಎಪ್ಸಿಲಾನ್ ಕಂಪನಿ ಬ್ಯಾಟರಿಯ ಗ್ರಾಫೈಟ್ ತಯಾರಿಸಲು ಕಲಿತು ಹೊರದೇಶಕ್ಕೂ ಕಾಲಿಟ್ಟಿರುವುದು ಒಳ್ಳೆಯ ಸೂಚನೆ. ಸೆಲ್, ಗ್ರಾಫೈಟ್, ಲಿಥಿಯಂ ಲವಣ, ಮೂರೂ ಈ ರಾಜ್ಯದಲ್ಲಿ ಕೂಡಿ ಬಂದ ದಿನ ನಮ್ಮ ಮಾತಿಗೆ ತೂಕ ಬರುತ್ತದೆ.

ಮೂರನೆಯದು, ಹಳೆಯ ಬ್ಯಾಟರಿಯೇ ಗಡಿ ಇಲ್ಲದ ಗಣಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯಿಂದ ನೂರಕ್ಕೆ ತೊಂಬತ್ತರಷ್ಟು ವಸ್ತು ಹಿಂದಕ್ಕೆ ಬರಬೇಕು, ಆ ಮಟ್ಟಕ್ಕೆ 2026-27ರ ಹೊತ್ತಿಗೆ ಏರಬೇಕು. 2025ರ ಬಜೆಟ್ಟಿನಲ್ಲಿ ಲಿಥಿಯಂ ಬ್ಯಾಟರಿ ಗುಜರಿಯ ಮೇಲಿನ ಆಮದು ಸುಂಕ ತೆಗೆದರು. ಅದೇ ವರ್ಷ ಮರುಬಳಕೆಗೆ 1,500 ಕೋಟಿಯ ಯೋಜನೆಯೂ ಬಂತು. ಮಂಡ್ಯದಲ್ಲಿ ಇಂದು ಓಡುತ್ತಿರುವ ವಿದ್ಯುತ್ ಸ್ಕೂಟರು, ಆಟೊಗಳ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಗುಜರಿ ಅಂಗಡಿಗೆ ಬರುತ್ತದೆ. ಅಲ್ಲಿ ಅದನ್ನು ಸುತ್ತಿಗೆಯಿಂದ ಒಡೆಯುತ್ತಾರೋ, ಲೆಕ್ಕವಿಟ್ಟು ಮರುಬಳಕೆಗೆ ಕಳಿಸುತ್ತಾರೋ ಎಂಬುದು ಈಗಲೇ ತೀರ್ಮಾನವಾಗಬೇಕು.

ನಾಲ್ಕನೆಯದು, ಕೆಟ್ಟ ವರ್ಷದ ಕಲಮು. ಬೆಲೆ ಬಿದ್ದಾಗ ಕಾರ್ಮಿಕರ ಪಾಡೇನು, ನೀರು ಇಳಿದಾಗ ಮೊದಲು ನಿಲ್ಲಬೇಕಾದ ಪಂಪು ಯಾವುದು, ಗಣಿ ಮುಚ್ಚಿದ ಮೇಲೆ ಗುಂಡಿ ಮುಚ್ಚುವ ಹಣ ಯಾವ ಬ್ಯಾಂಕಿನಲ್ಲಿ ಯಾರ ಹೆಸರಿನಲ್ಲಿ ಇರುತ್ತದೆ. ಕಟಮಾರ್ಕಾದ ಕರಾರಿನಲ್ಲೂ ಮರಳಗಾಲದ ಗುತ್ತಿಗೆಯಲ್ಲೂ ಇವನ್ನು ಸಹಿಗೆ ಮುನ್ನವೇ ಬರೆದು, ಜನರ ಕೈಗೆ ಅವರ ಭಾಷೆಯಲ್ಲಿ ಕೊಡಬೇಕು. ಅಲ್ಲಿ ಸ್ಪ್ಯಾನಿಷ್, ಇಲ್ಲಿ ಕನ್ನಡ.

ಕೊನೆಯದಾಗಿ ಈ ಸಭೆಗೆ ಒಂದು ವಿನಂತಿ. ಮರಳಗಾಲದ ಹರಾಜಿನ ಪ್ರಕಟಣೆ ಹೊರಬಿದ್ದ ಮೇಲೆ ಮನವಿಪತ್ರ ಹಿಡಿದು ಹೋದರೆ ತಡವಾಗುತ್ತದೆ. ಕಾನೂನು ಅಹವಾಲು ಸಭೆಯನ್ನು ಕೈಬಿಟ್ಟಿರಬಹುದು, ಗ್ರಾಮಸಭೆಯನ್ನು ಕೈಬಿಟ್ಟಿಲ್ಲ. ಆ ಭಾಗದ ಪಂಚಾಯಿತಿಗಳು ಈಗಲೇ ಸೇರಿ ನಿರ್ಣಯ ಮಾಡಲಿ: ಸಮೀಕ್ಷೆಯ ವರದಿ ಕನ್ನಡದಲ್ಲಿ ಬೇಕು, ನೀರಿನ ಲೆಕ್ಕ ಬೇಕು, ಹರಾಜಿನ ಹಣದಲ್ಲಿ ಊರಿನ ಪಾಲು ಎಷ್ಟೆಂದು ಬರೆದು ಕೊಡಬೇಕು. ಮದ್ದೂರು, ಮಳವಳ್ಳಿಯವರು ಇದು ಬೇರೆ ತಾಲ್ಲೂಕಿನ ವಿಚಾರ ಎಂದು ಸುಮ್ಮನಿರಬೇಡಿ. ಅಲ್ಲಿ ಹೊಳೆಗೆ ಸೇರಿದ್ದು ಕೆಳಗಿನವರನ್ನೂ ಮುಟ್ಟುತ್ತದೆ. ಕಾಲೇಜಿನ ಮಕ್ಕಳು ಆ ನಿರ್ಣಯದ ಕರಡು ಬರೆಯಲು ಊರಿನವರಿಗೆ ನೆರವಾಗಲಿ. ಒಪ್ಪಂದ ಓದಲು ಬಲ್ಲ ಜಿಲ್ಲೆಯನ್ನು ಯಾವ ಕಂಪನಿಯೂ, ಯಾವ ಸರ್ಕಾರವೂ ಹಗುರವಾಗಿ ನೋಡುವುದಿಲ್ಲ.